ದಸರಾ ರಜೆಯ ಚಾರಣ: ಹಿನ್ನೀರ ದಡವೋ, ಕೊಡಚಾದ್ರಿಯೋ?

ಗುಂಪಿನಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ನನ್ನ ಓಟು ಹೊನ್ನೇಮರಡಿಗೆ. ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ದಂಡೆ. ಏರು ಕಡಿಮೆ, ಕೂತು ಬುತ್ತಿ ಬಿಚ್ಚಲು ಬೇಕಾದಷ್ಟು ಜಾಗ. ಮಳೆ ಚೆನ್ನಾಗಿ ಆಗಿದ್ದರೆ ಈ ಹೊತ್ತಿಗೆ ಲಿಂಗನಮಕ್ಕಿ ಜಲಾಶಯ ತುಂಬಿರುತ್ತದೆ. ಅಲೆ ಬಡಿದು ಬಡಿದು ಕೆಂಪು ಮಣ್ಣಿನ ದಡವನ್ನು ಅಡಿಯಿಂದ ಕೊರೆದಿರುತ್ತದೆ. ಮೇಲೆ ಹಸಿರು ಹುಲ್ಲು, ಕೆಳಗೆ ಗಾಳಿಗೆ ತೂಗುವ ಬೇರು. ಆ ತುದಿಯಲ್ಲಿ ಗುಂಪಾಗಿ ನಿಂತು ಸೆಲ್ಫಿ ಮಾತ್ರ ಬೇಡ. ಹುಲ್ಲು ನಂಬಿ ಕಾಲಿಟ್ಟರೆ ಮಣ್ಣು ಸಮೇತ ನೀರಿಗೆ!

ಕೊಡಚಾದ್ರಿ 1,343 ಮೀಟರ್ ಎತ್ತರ. ಅಲ್ಲಿ ಹತ್ತುವುದೇ ಖುಷಿ. ಬೆಟ್ಟದ ತುದಿಯ ಪುಟ್ಟ ಕಲ್ಲಿನ ಗುಡಿ ಸರ್ವಜ್ಞ ಪೀಠದ ಬಳಿ ಮೋಡ ಸರಿದರೆ ಸಿಗುವ ನೋಟ ಹಿನ್ನೀರಲ್ಲಿ ಸಿಗದು. ಆದರೆ ಉಂಬಳದ (ರಕ್ತ ಹೀರುವ ಜಿಗಣೆ) ಕಾಟ ಇನ್ನೂ ಇರಬಹುದು. ಜೀಪ್ ಇದೆ ಅಲ್ವಾ ಅಂದರೆ, ಸೊಂಟ ಗಟ್ಟಿ ಇರಬೇಕು. ಕಾಲೇಜು ಹುಡುಗರಾದರೆ ಯೋಚಿಸದೆ ಇಲ್ಲಿಗೇ ಹೊರಡಿ.