ಹಳೇ ಕಾಂಪ್ಲೆಕ್ಸ್ ಮೇಲೆ ಇನ್ನೊಂದು ಫ್ಲೋರ್: ದಾವಣಗೆರೆಯಲ್ಲಿ ನಾವು ಹಿಡಿದ ಆರ್ಕಿಟೆಕ್ಟ್ ಆಫೀಸ್ ಹೇಗಿತ್ತು

ಕೆಳಗೆ ಅಂಗಡಿ, ಮೇಲೆ ಆಫೀಸು ಇರುವ ನಮ್ಮ ಕಾಂಪ್ಲೆಕ್ಸಿಗೆ ಎರಡನೇ ಮಹಡಿ ಹಾಕಿಸಿದೆವು. ಡಿಸೈನ್ ಮಾಡಿದವರ ಹೆಸರು ಬೇಡ. 5ಕ್ಕೆ 3 ಸ್ಟಾರ್.

ಬೇರೆಯವರೆಲ್ಲ ಒಟ್ಟು ಖರ್ಚಿನ ಮೇಲೆ ಪರ್ಸೆಂಟೇಜ್ ಕೇಳಿದರು. ಕಬ್ಬಿಣದ ರೇಟು ಏರಿದರೆ ಅವರ ಫೀಸೂ ಏರಬೇಕಂತೆ, ಇದ್ಯಾವ ನ್ಯಾಯ? ಇವರು ಇಡಿಗಂಟಿಗೆ ಒಪ್ಪಿದರು. "ಆದ್ರೆ ಹಳೇ ಕಟ್ಟಡ ಟೆಸ್ಟ್ ಆಗೋವರೆಗೂ ಒಂದು ಗೆರೇನೂ ಎಳೆಯಲ್ಲ ಸಾರ್" ಅಂದರು. ನನಗೆ ತುಂಬಾ ಹಿಡಿಸಿದ್ದು ಇದೇ. ಕಾಲಂಗಳಿಗೆಲ್ಲ ರಿಬೌಂಡ್ ಹ್ಯಾಮರ್ ಟೆಸ್ಟ್ (ಮೇಲೆ ಬಡಿದು ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ನೋಡೋದು), ಅನುಮಾನ ಬಂದ ಕಡೆ ಕಾಂಕ್ರೀಟಿನ ತುಂಡು ಕೊರೆದು ಲ್ಯಾಬಿಗೆ. ನಮ್ಮದು 2000ಕ್ಕಿಂತ ಹಿಂದಿನ ಕಟ್ಟಡ, ಆಗ ಎಂ15 ದರ್ಜೆಯ ಕಾಂಕ್ರೀಟ್ ನಡೆಯುತ್ತಿತ್ತು (ನಂಬರ್ ಹೆಚ್ಚಿದಷ್ಟೂ ಗಟ್ಟಿ), 2000ದಲ್ಲಿ ಬಂದ ಐಎಸ್ 456 ಅನ್ನೋ ಕಾಂಕ್ರೀಟ್ ಮಾನದಂಡದ ಪ್ರಕಾರ ಆರ್‌ಸಿಸಿಗೆ ಎಂ20 ಕನಿಷ್ಠ. ರಿಪೋರ್ಟ್ ನೋಡಿ ಮೇಲಿನ ಮಹಡಿಗೆ ಸ್ಟೀಲ್ ಫ್ರೇಮ್, ಹಗುರ ಬ್ಲಾಕ್ ಗೋಡೆ ಅಂತ ಆಯಿತು. ಜಾಕೆಟಿಂಗ್, ಅಂದರೆ ಸುತ್ತ ಇನ್ನೊಂದು ಪದರ ಕಟ್ಟಿ ಬಲಪಡಿಸುವ ಕೆಲಸ, ಮಾಡಿಸಬೇಕಾದ ಕಾಲಂಗಳು ಎಷ್ಟೋ ಕಡಿಮೆಯಾದವು. ಡ್ರಾಯಿಂಗ್ ಎಲ್ಲ ಮುಗಿದ ಮೇಲೆ ಇದು ಗೊತ್ತಾಗಿದ್ದರೆ ಡಿಸೈನಿಗೆ ಎರಡು ಸಲ ದುಡ್ಡು ಸುರಿಯಬೇಕಿತ್ತು, ಅಲ್ವಾ?

ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಪ್ಲಾನಿನ ಪ್ರಿಂಟನ್ನು ಟೇಬಲ್ ಮೇಲೆ ಹರಡಿ, ಮೂಲೆಗಳಿಗೆ ತಕ್ಕಡಿ ತೂಕ ಇಟ್ಟು, ಪಕ್ಕದಲ್ಲಿ ಮಂಡಕ್ಕಿ ಮಿರ್ಚಿ ಇಟ್ಟುಕೊಂಡು ನಾನೂ ತಮ್ಮನೂ ಕೆಂಪು ಪೆನ್ನಲ್ಲಿ ಗೀಚುತ್ತಾ ಕೂರುತ್ತಿದ್ದೆವು. ಶಟರ್ ಎಲ್ಲಿ, ಮೀಟರ್ ಬೋರ್ಡ್ ಎಲ್ಲಿ, ಮೇಲಿನ ಟಾಯ್ಲೆಟ್ ಕೆಳಗಿನ ಟಾಯ್ಲೆಟ್ ನೇರಕ್ಕೇ ಬರುತ್ತಾ. ಆ ಟಾಯ್ಲೆಟ್ ಒಂದನ್ನು ಸರಿಸಿದ್ದಕ್ಕೇ ಬಾಡಿಗೆದಾರರ ಫಾಲ್ಸ್ ಸೀಲಿಂಗ್ ಒಡೆದು ಪೈಪ್ ಎಳೆಯುವುದು ತಪ್ಪಿತು. ತಿದ್ದುಪಡಿಗಳನ್ನೆಲ್ಲ ಸೇರಿಸಿ ಶನಿವಾರ ಒಟ್ಟಿಗೆ ಕಳಿಸುತ್ತಿದ್ದೆವು. ಪ್ಲಾನಿಗೆ ಸಹಿ ಬೀಳುವವರೆಗೆ ಬದಲಾವಣೆ ಫ್ರೀ, ಆಮೇಲೆ ಶೀಟಿಗಿಷ್ಟು.

ಸ್ಟೀಲ್ ಕೆಲಸ ಶುರುವಾಗುತ್ತಲೇ ಇವರ ವರಸೆ ಬದಲಾಯಿತು. ಸೈಟಿಗೆ ಬಂದರೆ ಪ್ರತಿ ಸಲ ಬೇರೆ ಬಿಲ್ಲು. ಸ್ಟೀಲ್ ಕಂಬದ ಬುಡದ ಬೇಸ್‌ಪ್ಲೇಟ್ ಬೋಲ್ಟಿಗೆ ಹಳೇ ಕಾಂಕ್ರೀಟಲ್ಲಿ ತೂತು ಕೊರೆಯುವಾಗ ಒಳಗಿನ ಹಳೇ ಕಬ್ಬಿಣ ಅಡ್ಡ ಬಂತು, ಫೋಟೋ ಕಳಿಸಿದರೆ ಬ್ಲೂ ಟಿಕ್ ಬೀಳುತ್ತೆ, ಉತ್ತರ ಮಾತ್ರ ಇಲ್ಲ. ಇತ್ತ ವೆಲ್ಡರ್ ಕೂಲಿ, ಕ್ರೇನ್ ಬಾಡಿಗೆ ಎರಡೂ ಸುಮ್ನೆ ಏರುತ್ತಿದ್ದವು. ಎರಡು ಸ್ಟಾರ್ ಹೋಗಿದ್ದು ಇಲ್ಲೇ.

ಫೀಸಿನ ಮೇಲೆ 18% ಜಿಎಸ್‌ಟಿ ಬೇರೆ. ನಮಗೆ ಬರುವ ಬಾಡಿಗೆಗೆ ನಾವು ಕಟ್ಟುವ ಜಿಎಸ್‌ಟಿಯಲ್ಲಿ ಇದನ್ನು ಕಳೆದುಕೊಳ್ಳಲು ಬರುವುದಿಲ್ಲ, ಸ್ವಂತ ಕಟ್ಟಡ ಕಟ್ಟಿಸುವ ಖರ್ಚಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಕೊಟೇಶನ್ ಹೋಲಿಸುವಾಗ ತೆರಿಗೆ ಸೇರಿಸಿಯೇ ನೋಡಿ.

ಬಾಡಿಗೆ ದುಡ್ಡಲ್ಲೇ ಸಾಲದ ಕಂತು ಕಟ್ಟುವ ನಮ್ಮಂಥವರಿಗೆ ಇಡಿಗಂಟೇ ಸರಿ. ಮುಂದೆ ಲಿಫ್ಟ್ ಹಾಕಿಸಬೇಕು. ಸೈಟ್ ವಿಸಿಟ್ ಎಷ್ಟು ಅಂತ ಮೊದಲೇ ಬರೆದುಕೊಟ್ಟರೆ ಇವರನ್ನೇ ಕರೆಯುತ್ತೇನೆ.