‘ಹ್ಯಾಕರ್ ಬೇಟೆ’ ಗುಂಪಿಗೆ ಸೇರುವ ಮೊದಲು ಇದನ್ನು ಓದಿ

"ಹ್ಯಾಕರ್‌ಗಳ ಕಾಟ ಸಾಕಾಯ್ತಾ? ನಮ್ಮ ಗುಂಪಿಗೆ ಬನ್ನಿ. ಐಡಿ ಹಾಕಿ, ಎಲ್ಲರೂ ಸೇರಿ ರಿಪೋರ್ಟ್ ಹೊಡೆಯೋಣ." ಬಿಜಿಎಂಐ (ಪಬ್‌ಜಿ ಮೊಬೈಲ್‌ನ ಭಾರತದ ಆವೃತ್ತಿ, ಫೋನಿನಲ್ಲಿ ಆಡುವ ಗುಂಡಿನ ಕಾಳಗದ ಗೇಮ್) ಆಡುವವರಾದರೆ ನಿಮಗೂ ಇಂಥ ಮೆಸೇಜ್ ಬರಬಹುದು. ಸೇರಬೇಡಿ. ನನಗೂ ನನ್ನ ಸ್ಕ್ವಾಡ್‌ನ (ಜೊತೆಗೆ ಆಡುವ ತಂಡದ) ಹುಡುಗರಿಗೂ ಏನಾಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಗುಂಪಿನ ಹೆಸರು ಹಾಕುವುದಿಲ್ಲ. ಹಾಕಿದರೂ ಉಪಯೋಗವಿಲ್ಲ, ಹೆಸರು ಬದಲಾಗುತ್ತಲೇ ಇರುತ್ತದೆ.

ಹ್ಯಾಕರ್ ಅಂದರೆ ಇಲ್ಲಿ ಮೋಸದ ಸಾಫ್ಟ್‌ವೇರ್ ಹಾಕಿಕೊಂಡು ಆಡುವವನು. ಅಂಥವರ ಕಾಟ ಸುಳ್ಳೇನಲ್ಲ. ಗೋಡೆಯಾಚೆ ಇರುವವರನ್ನು ತೋರಿಸುವ ಇಎಸ್‌ಪಿ, ಗುರಿ ತಾನೇ ಹಿಡಿಯುವ ಏಮ್‌ಬಾಟ್, ಗನ್ ಅಲುಗದಂತೆ ಮಾಡುವ ನೋ ರಿಕಾಯಿಲ್ ಎಲ್ಲವೂ ಇವೆ. ರ‍್ಯಾಂಕ್ ಏರಿಸಲು ರಾತ್ರಿಯೆಲ್ಲ ಕೂತವನಿಗೆ ಗೇಮ್‌ನ ಪೊಚಿಂಕಿ ಊರಿನಲ್ಲಿ ಯಾರೋ ಮೂರು ಗೋಡೆ ದಾಟಿ ಹೆಡ್‌ಶಾಟ್ ಹೊಡೆದರೆ ಮೈ ಉರಿಯುತ್ತದೆ. ಆ ಉರಿಯೇ ಈ ಗುಂಪುಗಳ ಬಂಡವಾಳ.

ಶುರುವಿನಲ್ಲಿ ಎಲ್ಲ ಚೆನ್ನಾಗಿತ್ತು. ಯಾರೋ ಕ್ಲಿಪ್ ಹಾಕುತ್ತಿದ್ದರು, ಉಳಿದವರು ಅದರಲ್ಲಿರುವ ಆಟಗಾರನ ಐಡಿ ಹುಡುಕಿ ರಿಪೋರ್ಟ್ ಮಾಡುತ್ತಿದ್ದರು. ಒಂದೆರಡು ಖಾತೆ ಬ್ಯಾನ್ ಆದಾಗ ಗುಂಪಿನಲ್ಲಿ ಹಬ್ಬ. ನಮ್ಮ ರಿಪೋರ್ಟ್‌ನಿಂದಲೇ ಆಯಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಆದರೆ ಅಡ್ಮಿನ್ ಅದನ್ನು ತನ್ನ ಲೆಕ್ಕಕ್ಕೆ ಬರೆದುಕೊಂಡ.

ಆಮೇಲೆ ಒಂದು ಪಟ್ಟಿ ಬಂತು. ಯಾರ ಐಡಿ ಆ ಪಟ್ಟಿಯಲ್ಲಿದೆಯೋ ಅವರಿಗೆ ಗುಂಪಿನ ಕಸ್ಟಮ್ ರೂಮ್‌ಗಳಲ್ಲಿ (ಗುಂಪಿನವರೇ ಏರ್ಪಡಿಸುವ ಖಾಸಗಿ ಮ್ಯಾಚ್‌ಗಳಲ್ಲಿ) ಜಾಗವಿಲ್ಲ. ಪಟ್ಟಿಗೆ ಯಾರನ್ನು ಸೇರಿಸಬೇಕು ಅನ್ನುವುದು ಅಡ್ಮಿನ್ ಮತ್ತು ಅವನ ಇಬ್ಬರು ಗೆಳೆಯರಿಗೆ ಬಿಟ್ಟದ್ದು. ಸ್ಕ್ರಿಮ್ಸ್‌ನಲ್ಲಿ (ತಂಡಗಳ ಅಭ್ಯಾಸ ಪಂದ್ಯದಲ್ಲಿ) ಅವರನ್ನು ಸೋಲಿಸಿದವರ ಐಡಿ ಮರುದಿನ ಪಟ್ಟಿಯಲ್ಲಿ! ಪಟ್ಟಿಯಿಂದ ಹೆಸರು ತೆಗೆಸಬೇಕಾದರೆ 199 ರೂಪಾಯಿ ‘ವೆರಿಫಿಕೇಶನ್’ ಶುಲ್ಕ, ಯುಪಿಐಗೆ ಕಳಿಸಬೇಕು. ಅದೂ ಸಾಲದು ಅಂತ ಒಂದು ಎಪಿಕೆ (ಆಂಡ್ರಾಯ್ಡ್ ಆಪ್‌ನ ಫೈಲ್) ಬಂತು. ಅದನ್ನು ಫೋನಿಗೆ ಹಾಕಿಕೊಂಡರೆ ಲಾಬಿಯಲ್ಲಿ (ಮ್ಯಾಚ್ ಶುರುವಾಗುವ ಮುಂಚೆ ಕಾಯುವ ಜಾಗದಲ್ಲಿ) ಯಾರು ಹ್ಯಾಕರ್ ಅಂತ ಮೊದಲೇ ತೋರಿಸುತ್ತದಂತೆ.

ಇಲ್ಲಿ ಒಂದು ಮಾತು. ಬಿಜಿಎಂಐ 2022ರ ಜುಲೈನಲ್ಲಿ ಪ್ಲೇ ಸ್ಟೋರ್‌ನಿಂದ ಹೋಯಿತಲ್ಲ, ಮತ್ತೆ ಬಂದದ್ದು 2023ರ ಮೇ ತಿಂಗಳಲ್ಲಿ. ನಡುವಿನ ಆ ಕಾಲದಲ್ಲಿ ಫೋನ್ ಬದಲಾಯಿಸಿದವರೆಲ್ಲ ಗೇಮ್‌ಗಾಗಿ ಸಿಕ್ಕ ಸಿಕ್ಕ ಲಿಂಕ್‌ನಿಂದ ಎಪಿಕೆ ಇಳಿಸಿಕೊಂಡರು. "ಅನ್‌ನೋನ್ ಸೋರ್ಸ್ ಆನ್ ಮಾಡು, ಏನಾಗಲ್ಲ" ಅನ್ನುವುದು ನಮ್ಮ ಹುಡುಗರ ಬಾಯಲ್ಲಿ ಕೂತದ್ದು ಆಗಲೇ ಅನ್ನಿಸುತ್ತದೆ. ಹೊರಗಿನ ಎಪಿಕೆ ಅಂದರೆ ಈಗ ಯಾರೂ ಬೆಚ್ಚುವುದಿಲ್ಲ.

ನನ್ನ ಸ್ಕ್ವಾಡ್‌ನ ಒಬ್ಬ ಅದನ್ನು ಹಾಕಿಕೊಂಡ. ಮೊದಲು ಕೆಟ್ಟ ಆಪ್‌ಗಳನ್ನು ಹಿಡಿಯುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಆಫ್ ಮಾಡಲು ಹೇಳಿತು. ಆಮೇಲೆ ಆಕ್ಸೆಸಿಬಿಲಿಟಿ ಅನುಮತಿ ಕೇಳಿತು. ಕಣ್ಣು ಕಾಣದವರು, ಕೈ ಆಡದವರು ಫೋನ್ ಬಳಸಲಿ ಅಂತ ಇರುವ ಸೌಲಭ್ಯ ಅದು. ಅದನ್ನು ಕೊಟ್ಟರೆ ಆ ಆಪ್ ನಿಮ್ಮ ಸ್ಕ್ರೀನ್ ಓದಬಹುದು, ನಿಮ್ಮ ಬದಲು ಬಟನ್ ಒತ್ತಬಹುದು. ಒಟಿಪಿ ಬಂದರೆ ಅದನ್ನೂ ನೋಡಬಹುದು. ಲಾಬಿಯಲ್ಲಿ ಹ್ಯಾಕರ್ ಯಾರು ಅಂತ ತಿಳಿಯಲು ಇಷ್ಟೆಲ್ಲ ಯಾಕೆ ಬೇಕು ಹೇಳಿ? ಅವನ ಗೇಮ್ ಖಾತೆಗೆ ಜೋಡಿಸಿದ್ದ ಇಮೇಲ್‌ನ ಪಾಸ್‌ವರ್ಡ್ ಬದಲಾಯಿತು, ರಿಕವರಿ ನಂಬರ್ ಬದಲಾಯಿತು, ಖಾತೆ ಕೈಬಿಟ್ಟು ಹೋಯಿತು. ಯುಸಿಗೆ (ಗೇಮ್ ಒಳಗಿನ ಹಣಕ್ಕೆ) ಸುರಿದ ದುಡ್ಡು, ಸೂಟುಗಳು, ಗನ್ ಸ್ಕಿನ್ನುಗಳು ಎಲ್ಲವೂ ಹೋದವು. ಆ ಎಪಿಕೆ ಇಟ್ಟಿದ್ದ ಚಾನೆಲ್ಲನ್ನು ಆಮೇಲೆ ಮೇಲಕ್ಕೆ ಸ್ಕ್ರೋಲ್ ಮಾಡಿ ನೋಡಿದೆವು. ಅಲ್ಲೇ ಇಎಸ್‌ಪಿ ಕೂಡ ಮಾರಾಟಕ್ಕಿತ್ತು, ವಾರಕ್ಕೆ ಇಷ್ಟು, ತಿಂಗಳಿಗೆ ಇಷ್ಟು ಅಂತ. ಜಾತ್ರೆಯಲ್ಲಿ "ಕಳ್ಳ, ಕಳ್ಳ" ಅಂತ ಕೂಗಿದವನೇ ಜೇಬು ಕತ್ತರಿಸಿದ ಹಾಗೆ.

ನಾನು ಇದನ್ನು ಗುಂಪಿನಲ್ಲೇ ಕೇಳಿದೆ. ಉತ್ತರ ಬರಲಿಲ್ಲ. ನನ್ನ ಐಡಿ ಪಟ್ಟಿಗೆ ಬಂತು, ಜೊತೆಗೆ ಒಂದು ಕ್ಲಿಪ್. ಅದರಲ್ಲಿ, ಬಾಗಿಲ ಹಿಂದೆ ನಿಂತವನು ನನಗೆ ಕಾಣುವ ಮೊದಲೇ ನಾನು ಗುಂಡು ಹಾರಿಸುತ್ತೇನೆ. ನಿಜವೇ. ಆದರೆ ಕ್ಲಿಪ್‌ನಲ್ಲಿ ಸದ್ದು ತೆಗೆದುಹಾಕಿದ್ದರು. ಇಯರ್‌ಫೋನ್ ಹಾಕಿ ಆಡುವವರಿಗೆ ಗೊತ್ತು, ಹಲಗೆಯ ಮೇಲಿನ ಹೆಜ್ಜೆ ಸದ್ದು ಕೇಳಿದರೆ ಬಾಗಿಲಿಗೆ ಪ್ರೀ ಫೈರ್ ಮಾಡುವುದು (ಎದುರಾಳಿ ಕಾಣುವ ಮೊದಲೇ ಗುಂಡು ಹಾರಿಸುವುದು) ಮಾಮೂಲು. ಸದ್ದಿಲ್ಲದೆ ನೋಡಿದರೆ ಯಾರಿಗಾದರೂ ಅದು ಇಎಸ್‌ಪಿ ಅನ್ನಿಸುತ್ತದೆ.

ಕ್ಲಿಪ್‌ಗಳ ವಿಷಯ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ಗೇಮ್‌ನಲ್ಲಿ ನೀವು ಸತ್ತ ಮೇಲೆ ಸ್ಪೆಕ್ಟೇಟ್ ಮಾಡಿ (ಪ್ರೇಕ್ಷಕರಾಗಿ ಉಳಿದು) ನೋಡುವುದು ಎದುರಾಳಿಯ ಸ್ಕ್ರೀನ್ ಅಲ್ಲ. ಸರ್ವರ್‌ಗೆ ತಲುಪಿದ ಮಾಹಿತಿಯಿಂದ ನಿಮ್ಮ ಫೋನ್ ಮತ್ತೆ ಕಟ್ಟಿದ ಚಿತ್ರ ಅದು. ನಡುನಡುವೆ ಬಿಟ್ಟುಹೋದದ್ದನ್ನು ಫೋನೇ ಅಂದಾಜಿನಲ್ಲಿ ತುಂಬುತ್ತದೆ. ಹಾಗಾಗಿ ಗುರಿ ಒಮ್ಮೆಲೇ ಜಿಗಿದಂತೆ ಕಾಣಬಹುದು. ಪಿಂಗ್ (ಫೋನ್ ಮತ್ತು ಸರ್ವರ್ ನಡುವೆ ಮಾಹಿತಿ ಓಡಾಡಲು ಹಿಡಿಯುವ ಸಮಯ) ಜಾಸ್ತಿ ಇದ್ದರೆ ನೀವು ಗೋಡೆಯ ಹಿಂದೆ ಸೇರಿದ ಮೇಲೂ ಗುಂಡು ಬಿದ್ದಂತೆ ಕಾಣುತ್ತದೆ, ಅವನ ಸ್ಕ್ರೀನಿನಲ್ಲಿ ನೀವು ಇನ್ನೂ ಹೊರಗೇ ಇರುತ್ತೀರಿ. ಜೈರೋ ಹಾಕಿ (ಫೋನನ್ನೇ ಅಲುಗಿಸಿ ಗುರಿ ಹಿಡಿದು) ಆಡುವವರ ಕೈ ನೋಡಿದರಂತೂ ಹೊಸಬರಿಗೆ ಎಲ್ಲವೂ ಹ್ಯಾಕ್.

ನನ್ನ ಖಾತೆ ಬ್ಯಾನ್ ಆಗಲಿಲ್ಲ. ಅಷ್ಟೊಂದು ಜನ ಒಟ್ಟಿಗೆ ರಿಪೋರ್ಟ್ ಹೊಡೆದರೂ ಗೇಮ್ ಏನೂ ಮಾಡಲಿಲ್ಲ. ಶಿಕ್ಷೆ ಕೊಟ್ಟದ್ದು ಜನ. ಕ್ಲಾನ್‌ನಿಂದ (ಗೇಮ್ ಒಳಗಿನ ನಮ್ಮ ಬಳಗದಿಂದ) ತೆಗೆದರು, ರೂಮ್‌ಗೆ ಹೋದರೆ ಕಿಕ್, ಇನ್‌ಬಾಕ್ಸ್ ತುಂಬ ಮನೆಯವರನ್ನೆಲ್ಲ ಎಳೆದ ಬೈಗುಳ. "ಕ್ಲಿಯರ್ ಮಾಡಿಸಿಕೊ, 199 ಅಷ್ಟೇ ಅಲ್ವಾ" ಅಂತ ಬುದ್ಧಿ ಹೇಳಿದವರೂ ಇದ್ದಾರೆ. ಕೊಡಲಿಲ್ಲ, ಕೊಡುವುದೂ ಇಲ್ಲ.

ಹಾಗಂತ ಆಟಗಾರರು ತೀರ್ಪು ಕೊಡಲೇಬಾರದು ಅಂತ ನಾನು ಹೇಳುವುದಿಲ್ಲ. ಅದನ್ನು ಸರಿಯಾಗಿ ಮಾಡಿದ ಉದಾಹರಣೆಗಳಿವೆ. ಕಂಪ್ಯೂಟರ್ ಗೇಮ್ ಕೌಂಟರ್ ಸ್ಟ್ರೈಕ್‌ನಲ್ಲಿ 2013ರಲ್ಲಿ ಓವರ್‌ವಾಚ್ ಅಂತ ವ್ಯವಸ್ಥೆ ತಂದರು. ರಿಪೋರ್ಟ್ ಆದವನ ಆಟದ ಒಂದು ಭಾಗವನ್ನು ಅನುಭವಿ ಆಟಗಾರರಿಗೆ ತೋರಿಸುತ್ತಿದ್ದರು. ಆದರೆ ಅವನ ಹೆಸರು ತೋರಿಸುತ್ತಿರಲಿಲ್ಲ. ಸಾಕ್ಷಿಯಾಗಿ ಸಿಗುತ್ತಿದ್ದದ್ದು ಗೇಮೇ ದಾಖಲಿಸಿದ ರಿಪ್ಲೇ, ಯಾರೋ ಕತ್ತರಿಸಿದ ವಿಡಿಯೊ ಅಲ್ಲ. ಒಬ್ಬನೇ ತೀರ್ಪು ಕೊಡುವಂತಿರಲಿಲ್ಲ, ಹಲವರ ಅಭಿಪ್ರಾಯ ಕೂಡಿಸುತ್ತಿದ್ದರು. ಸರಿಯಾಗಿ ಗುರುತಿಸುವವರ ಮಾತಿಗೆ ತೂಕ ಜಾಸ್ತಿ. ಮೊಬೈಲ್‌ನಲ್ಲಿ ಪಬ್‌ಜಿ ಮೊಬೈಲ್ ಕೂಡ ವಿಡಿಯೊ ರಿವ್ಯೂ ಸ್ಟೇಷನ್ ಅಂತ ಇಂಥದ್ದೇ ಒಂದನ್ನು ಗೇಮ್ ಒಳಗೇ ತಂದಿತು. ಅಲ್ಲಿ ನೋಡುವವನಿಗೆ ಆಪಾದಿತನಿಂದ ದುಡ್ಡು ವಸೂಲಿ ಮಾಡುವ ದಾರಿಯೇ ಇಲ್ಲ. ನಮ್ಮ ಗುಂಪಿನಲ್ಲಿ ಎಲ್ಲವೂ ಉಲ್ಟಾ. ಹೆಸರು ಗೊತ್ತು, ಹಗೆ ಗೊತ್ತು, ಫೋನ್ ನಂಬರ್ ಕೂಡ ಗೊತ್ತು, ತೀರ್ಪು ಕೊಡುವವನಿಗೇ ದುಡ್ಡು.

ಹ್ಯಾಕರ್ ಅನ್ನಿಸಿದರೆ ಗೇಮ್ ಒಳಗಿನ ರಿಪೋರ್ಟ್ ಬಟನ್ ಒತ್ತಿ. ಸತ್ತ ಮೇಲೆ ಸ್ಪೆಕ್ಟೇಟ್ ಮಾಡುವಾಗ ಸಿಗುತ್ತದೆ, ಮ್ಯಾಚ್ ಮುಗಿದ ಮೇಲೆ ರಿಸಲ್ಟ್‌ನಲ್ಲೂ ಸಿಗುತ್ತದೆ. ಕಾರಣ ಸರಿಯಾಗಿ ಆರಿಸಿ, ಸುಮ್ನೆ ಎಲ್ಲಕ್ಕೂ ಟಿಕ್ ಹಾಕಬೇಡಿ. ನೀವೇ ಆಡಿದ ಮ್ಯಾಚ್‌ನಲ್ಲಿ ನೀವೇ ಕಂಡದ್ದಕ್ಕೆ ಮಾತ್ರ ಮಾಡಿ. ಯಾರೋ ಕಳಿಸಿದ ಐಡಿಗೆ ರಿಪೋರ್ಟ್ ಹೊಡೆದರೆ ನೀವು ಅವನ ಬಾಡಿಗೆ ಬಂಟ, ಅದೂ ಸಂಬಳವಿಲ್ಲದ ಬಂಟ.

ಈಗಾಗಲೇ ಎಪಿಕೆ ಹಾಕಿಕೊಂಡಿದ್ದರೆ ಮೊದಲು ನೆಟ್ ಆಫ್ ಮಾಡಿ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಗೆ ಹೋಗಿ ಆ ಆಪ್‌ನ ಅನುಮತಿ ತೆಗೆಯಿರಿ, ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ. ಅನ್‌ಇನ್‌ಸ್ಟಾಲ್ ಆಗದಿದ್ದರೆ ಸೆಟ್ಟಿಂಗ್ಸ್‌ನ ಡಿವೈಸ್ ಅಡ್ಮಿನ್ ಪಟ್ಟಿಯಲ್ಲಿ (ಫೋನಿನ ಮೇಲೆ ವಿಶೇಷ ಹಿಡಿತ ಪಡೆದ ಆಪ್‌ಗಳ ಪಟ್ಟಿ) ಅದರ ಹೆಸರಿದೆಯೇ ನೋಡಿ. ಪಾಸ್‌ವರ್ಡ್ ಬದಲಾಯಿಸುವುದು ಬೇರೆ ಫೋನಿನಿಂದ, ಅದೇ ಫೋನಿನಿಂದ ಬೇಡ. ಮೊದಲು ಇಮೇಲ್, ನಂತರ ಗೇಮ್‌ಗೆ ಜೋಡಿಸಿದ ಫೇಸ್‌ಬುಕ್, ಹಾಗೇ ಗೊತ್ತಿಲ್ಲದ ಡಿವೈಸ್‌ಗಳನ್ನೆಲ್ಲ ಲಾಗ್ಔಟ್ ಮಾಡಿ.

ಬ್ಯಾಂಕಿನಿಂದ ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ. ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಅವಕಾಶ ಇರುವುದು ಬೇಗ ಹೇಳಿದರೆ ಮಾತ್ರ. ದೂರು ಕೊಡುವಾಗ ಯುಪಿಐ ವಹಿವಾಟಿನ ನಂಬರ್, ಚಾಟ್‌ನ ಸ್ಕ್ರೀನ್‌ಶಾಟ್ ಬೇಕಾಗುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಸಿಟ್ಟಿನಲ್ಲಿ ಗುಂಪು ಬಿಟ್ಟು ಚಾಟ್ ಡಿಲೀಟ್ ಮಾಡಬೇಡಿ. ಮೊದಲು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.