ಏಳು ವರ್ಷ ಸ್ಕ್ರಮ್ ಬಳಸಿದ ಮೇಲೆ: ಮೊಬೈಲ್ ಆಪ್ ಮಾಡುವವರಿಗೆ ನನ್ನ ಅನುಭವ

ನಮ್ಮ ಟೀಮಿಗೆ ಸ್ಕ್ರಮ್ ಬಂದಿದ್ದು 2018ರಲ್ಲಿ. ಸ್ಕ್ರಮ್ ಅಂದರೆ ಕೆಲಸವನ್ನು ಕೆಲವು ವಾರಗಳ ಸಣ್ಣ ಸುತ್ತುಗಳಲ್ಲಿ ಮಾಡಿ, ಪ್ರತಿ ಸುತ್ತಿನ ಕೊನೆಗೆ ಮಾಡಿದ್ದನ್ನು ತೋರಿಸುವ ರೀತಿ. ಆಗ ನಾವು ಆರು ಜನ. ಹಳ್ಳಿ ಡೈರಿಗಳಲ್ಲಿ ಹಾಲು ಅಳೆದು ಬರೆದುಕೊಳ್ಳುವ ಕಾರ್ಯದರ್ಶಿಗಳಿಗಾಗಿ ಒಂದು ಆಂಡ್ರಾಯ್ಡ್ ಆಪ್ ಮಾಡುತ್ತಿದ್ದೆವು, ಇವತ್ತಿಗೂ ಅದೇ ಕೆಲಸ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ಎಷ್ಟು ಅಂತ ಹಾಕಿದರೆ ಬ್ಲೂಟೂತ್ ಪ್ರಿಂಟರಿನಿಂದ ಚೀಟಿ ಬರಬೇಕು. ಅಷ್ಟೇ. ಆದರೆ ಅದು ಬೆಳಗ್ಗೆ ಆರಕ್ಕೂ ಸಂಜೆ ಆರಕ್ಕೂ ತಪ್ಪದೆ ಬರಬೇಕು, ಯಾಕೆಂದರೆ ಕ್ಯಾನು ಹಿಡಿದು ಸಾಲಲ್ಲಿ ನಿಂತವರಿಗೆ ಮನೆಯಲ್ಲಿ ನೂರು ಕೆಲಸ ಕಾದಿರುತ್ತವೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಸ್ವಲ್ಪ ದಿನಕ್ಕೊಮ್ಮೆ (ನಮ್ಮಲ್ಲಿ ಎರಡು ವಾರ) ಮಾಡಿದ್ದನ್ನು ತೋರಿಸಬೇಕು ಅನ್ನುವ ನಿಯಮ ಇದೆಯಲ್ಲ, ಅದೊಂದೇ ಸಾಕು ಸ್ಕ್ರಮ್ ಹಿಡಿಯೋದಕ್ಕೆ. ಅದಕ್ಕೂ ಮುಂಚೆ ನಾವು ಮೂರು ತಿಂಗಳು ಕೂತು ಕೆಲಸ ಮಾಡಿ ಆಮೇಲೆ ತೋರಿಸುತ್ತಿದ್ದೆವು. ಮೊದಲ ವರ್ಷವೇ ಒಂದು ಡೈರಿಗೆ ಹೋಗಿ ಫೋನ್ ಕೈಗೆ ಕೊಟ್ಟಾಗ ಅಲ್ಲಿನ ಕಾರ್ಯದರ್ಶಿ ಹೇಳಿದರು: "ಮೇಡಂ, ನಮ್ ಕೈ ಯಾವಾಗ್ಲೂ ಒದ್ದೆ ಇರುತ್ತೆ. ಈ ಬಟನ್ ಒತ್ತಿದ್ರೆ ಒತ್ತಿಕೊಳ್ಳೋದೇ ಇಲ್ಲ." ನಮ್ಮ ಆಫೀಸಿನಲ್ಲಿ ಯಾರಿಗೂ ಹೊಳೆಯದ ವಿಷಯ ಅದು. ಬಟನ್ ದೊಡ್ಡದು ಮಾಡಿ ದೂರ ದೂರ ಇಟ್ಟೆವು, ಎರಡು ದಿನದ ಕೆಲಸ, ಮುಂದಿನ ವರ್ಷನ್‌ನಲ್ಲೇ ಹೋಯಿತು. ಹಳೆಯ ರೀತಿಯಲ್ಲಿ ಆಗಿದ್ದರೆ ಇದು ನಮ್ಮ ಕಿವಿಗೆ ಬೀಳುವಷ್ಟರಲ್ಲಿ ಅವರು ಆಪ್ ಬಿಟ್ಟು ಪುಸ್ತಕಕ್ಕೆ ವಾಪಸ್ ಹೋಗಿರುತ್ತಿದ್ದರು.

ಇನ್ನು ನಮಗೆ ಪೆಟ್ಟು ಕೊಟ್ಟ ವಿಷಯ. ಸ್ಪ್ರಿಂಟ್, ಅಂದರೆ ಆ ಎರಡು ವಾರದ ಸುತ್ತು, ಮುಗಿದ ದಿನವೇ ರಿಲೀಸ್ ಮಾಡಬೇಕು ಅಂತ ನಾವು ನಂಬಿಕೊಂಡಿದ್ದೆವು. ಶುಕ್ರವಾರ ಸ್ಪ್ರಿಂಟ್ ಮುಗಿಯುತ್ತೆ, ಸಂಜೆ ಪ್ಲೇ ಸ್ಟೋರ್‌ಗೆ ಹೊಸ ವರ್ಷನ್, ಎಲ್ಲರಿಗೂ ಒಟ್ಟಿಗೆ. ನಾಲ್ಕು ವರ್ಷ ಹಾಗೇ ನಡೆಯಿತು.

2022ರ ಅಕ್ಟೋಬರ್. ಆ ನವೆಂಬರ್ 1ರಿಂದ ಪ್ಲೇ ಸ್ಟೋರ್‌ನಲ್ಲಿ ಅಪ್‌ಡೇಟ್ ಕೊಡಬೇಕಾದರೆ ಆಪ್ ಎಪಿಐ 31ನ್ನು, ಅಂದರೆ ಆಂಡ್ರಾಯ್ಡ್ 12ನ್ನು ಟಾರ್ಗೆಟ್ ಮಾಡಿರಲೇಬೇಕಿತ್ತು (ಆ ವರ್ಷನ್ನಿನ ನಿಯಮಕ್ಕೆ ತಕ್ಕಂತೆ ಕಟ್ಟಿರಬೇಕಿತ್ತು). ನಾವೂ ಬದಲಾಯಿಸಿದೆವು. ಹಾಗೆ ಬದಲಾಯಿಸಿದ ಮೇಲೆ ಆಂಡ್ರಾಯ್ಡ್ 12ರ ಫೋನಿನಲ್ಲಿ ಬ್ಲೂಟೂತ್ ಪ್ರಿಂಟರಿಗೆ ಕನೆಕ್ಟ್ ಆಗಲು ಬೇರೆ ಪರ್ಮಿಷನ್ ಕೇಳಬೇಕು. ನಾವು ಕೇಳಿರಲಿಲ್ಲ. ಆಫೀಸಿನ ಟೆಸ್ಟಿಂಗ್ ಫೋನುಗಳೆಲ್ಲ ಆಂಡ್ರಾಯ್ಡ್ 9, 10ರವು, ಅವುಗಳಲ್ಲಿ ಚೀಟಿ ಚೆನ್ನಾಗೇ ಬಂತು. ಕೆಲಸಗಳ ಬೋರ್ಡಿನಲ್ಲಿ ಎಲ್ಲ ಕಾರ್ಡೂ ಡನ್, ಅಂದರೆ ಮುಗಿದಿದೆ. ಶನಿವಾರ ಬೆಳಗ್ಗೆ ಆರೂ ಕಾಲಿಗೆ ಮೊದಲ ಫೋನ್ ಬಂತು. ಹೊಸ ಫೋನ್ ತೆಗೆದುಕೊಂಡಿದ್ದವರಿಗೆಲ್ಲ ಪ್ರಿಂಟ್ ಒತ್ತಿದ ಕೂಡಲೇ ಆಪ್ ಮುಚ್ಚಿಕೊಳ್ಳುತ್ತಿತ್ತು.

ಸರಿಪಡಿಸಲು ಒಂದು ಗಂಟೆಯೂ ಬೇಕಾಗಲಿಲ್ಲ. ತಲುಪಿಸೋದಕ್ಕೆ ನಾಲ್ಕು ದಿನ ಬೇಕಾಯಿತು. ವೆಬ್‌ಸೈಟ್ ಆಗಿದ್ದರೆ ಹಳೆಯದನ್ನೇ ಸರ್ವರಿಗೆ ವಾಪಸ್ ಹಾಕಿ ಮುಗಿಸಬಹುದಿತ್ತು. ಆಪ್‌ನಲ್ಲಿ ಅದಾಗುವುದಿಲ್ಲ, ಹಳೆಯ ಕೋಡನ್ನೇ ಕೊಟ್ಟರೂ ಹೊಸ ವರ್ಷನ್ ನಂಬರ್ ಹಾಕಿ ಮತ್ತೆ ಕಳಿಸಬೇಕು, ಅದು ಪ್ರತಿ ಫೋನಿಗೂ ಇಳಿಯಬೇಕು. ತಾನಾಗಿ ಅಪ್‌ಡೇಟ್ ಆಗೋದು ಸಾಮಾನ್ಯವಾಗಿ ವೈಫೈ ಇದ್ದಾಗ. ಹಳ್ಳಿ ಡೈರಿಯಲ್ಲಿ ವೈಫೈ ಎಲ್ಲಿಂದ ಬರಬೇಕು? ಒಬ್ಬೊಬ್ಬರಿಗೂ ಫೋನ್ ಮಾಡಿ ಪ್ಲೇ ಸ್ಟೋರ್ ತೆಗೆಸಿ ಅಪ್‌ಡೇಟ್ ಒತ್ತಿಸಿದೆವು. ಅಲ್ಲಿಯವರೆಗೆ ಅವರು ಕೈಯಲ್ಲೇ ಬರೆದುಕೊಂಡರು. ಆ ನಾಲ್ಕು ದಿನ ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ಆಮೇಲೆ ಸ್ಕ್ರಮ್ ನಿಯಮಗಳ ಪುಸ್ತಿಕೆ, ಸ್ಕ್ರಮ್ ಗೈಡನ್ನು ನಿಜವಾಗಿ ಕೂತು ಓದಿದೆ. 2020ರದ್ದು, ಹದಿನೈದು ಪುಟವೂ ಇಲ್ಲ. ಸ್ಪ್ರಿಂಟ್ ಕೊನೆಗೇ ರಿಲೀಸ್ ಮಾಡಿ ಅಂತ ಅದರಲ್ಲಿ ಎಲ್ಲೂ ಇಲ್ಲ. ಸ್ಪ್ರಿಂಟ್ ರಿವ್ಯೂ, ಅಂದರೆ ಮಾಡಿದ್ದನ್ನು ತೋರಿಸುವ ಸಭೆ, ರಿಲೀಸಿಗೆ ಗೇಟ್ ಆಗಬಾರದು, ಅದಕ್ಕಾಗಿ ರಿಲೀಸ್ ಕಾಯಬಾರದು ಅಂತ ಸ್ಪಷ್ಟವಾಗೇ ಇದೆ. ಕೆಲಸ ಎಷ್ಟು ದೊಡ್ಡದು ಅಂತ ಅಂದಾಜು ಮಾಡುವ ಸ್ಟೋರಿ ಪಾಯಿಂಟ್ ಅನ್ನುವ ಮಾತೂ ಇಲ್ಲ, ನಾವು ಅದರ ಲೆಕ್ಕಕ್ಕೆ ಪ್ರತಿ ಸಲ ಅರ್ಧ ದಿನ ಕಳೆಯುತ್ತಿದ್ದೆವು. ಅದನ್ನು ಬಿಟ್ಟು ಎರಡೂವರೆ ವರ್ಷ ಆಯಿತು, ಏನೂ ತೊಂದರೆ ಆಗಿಲ್ಲ.

ಒಂದು ವಿಷಯ ನನಗೆ ತಡವಾಗಿ ಅರ್ಥ ಆಯಿತು. ಸ್ಕ್ರಮ್ ರೂಪಿಸಿದ ಜೆಫ್ ಸದರ್ಲೆಂಡ್ ಮತ್ತು ಕೆನ್ ಶ್ವೇಬರ್ ಅದರ ಬಗ್ಗೆ ಹೊರಗೆ ಹೇಳಿದ್ದು 1995ರಲ್ಲಿ, 17 ಜನ ಸೇರಿ ಇಂಥ ವಿಧಾನಗಳ ಮೂಲ ತತ್ವಗಳನ್ನು ಹೇಳುವ ಅಜೈಲ್ ಮ್ಯಾನಿಫೆಸ್ಟೋ ಬರೆದದ್ದು 2001ರಲ್ಲಿ. ಆಪಲ್‌ನ ಆಪ್ ಸ್ಟೋರ್ ಬಂದಿದ್ದೇ 2008ರಲ್ಲಿ. ಕೋಡು ಬೇರೆಯವರ ಜೇಬಿನಲ್ಲಿರುತ್ತೆ, ನಡುವೆ ಒಂದು ಸ್ಟೋರ್ ಇರುತ್ತೆ ಅನ್ನೋದಕ್ಕೆ ಅವರ ಹತ್ತಿರ ಉತ್ತರ ಹುಡುಕಬಾರದು, ಅದನ್ನು ನಾವೇ ಸೇರಿಸಿಕೊಳ್ಳಬೇಕು. ಫಿನ್ಲೆಂಡಿನ ವಿಟಿಟಿ ಸಂಶೋಧನಾ ಸಂಸ್ಥೆಯವರು 2004ರಲ್ಲೇ ಮೊಬೈಲಿಗೆ ಅಂತ ಮೊಬೈಲ್-ಡಿ ಅನ್ನುವ ವಿಧಾನ ಮಾಡಿದ್ದರು, ಹತ್ತಕ್ಕಿಂತ ಕಡಿಮೆ ಜನರ ಟೀಮಿಗೆ. ಅದರ ಕೊನೆಯ ಹಂತವೇ ಇಡೀ ಆಪನ್ನು ಟೆಸ್ಟ್ ಮಾಡಿ ಸರಿಪಡಿಸೋದು. ಆ ಯೋಚನೆ ನಮಗೆ ಜಾಸ್ತಿ ಹೊಂದಿತು.

ಈಗ ನಾವು ಮಾಡುವುದು ಹೀಗೆ. ಸ್ಪ್ರಿಂಟ್ ಬೇರೆ, ರಿಲೀಸ್ ಬೇರೆ. ಹೊಸ ವರ್ಷನ್ ಮೊದಲು ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ (ಆರಿಸಿದವರಿಗೆ ಮಾತ್ರ ಕೊಡುವ ಪ್ಲೇ ಸ್ಟೋರ್ ಸೌಲಭ್ಯ) ಎಂಟು ಕಾರ್ಯದರ್ಶಿಗಳಿಗೆ ಹೋಗುತ್ತದೆ, ಒಂದು ವಾರ ಅವರು ನಿಜವಾದ ಹಾಲಿಗೇ ಬಳಸುತ್ತಾರೆ, ಹಳೆಯ ಪುಸ್ತಕವನ್ನೂ ಪಕ್ಕದಲ್ಲಿ ಇಟ್ಟುಕೊಂಡೇ. ಆಮೇಲೆ ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಶೇಕಡ 5 ಜನರಿಗೆ, ಬೆಳಗಿನ ಹಾಲು ಮುಗಿದು ಸಂಜೆಯದಕ್ಕೆ ಇನ್ನೂ ಹೊತ್ತು ಇರುವಾಗ. ಸರಿ ಇದ್ದರೆ 20, 50, ಎಲ್ಲರಿಗೂ. ತಪ್ಪು ಕಂಡರೆ ಅಲ್ಲೇ ನಿಲ್ಲಿಸುತ್ತೇವೆ. ಆದರೆ ಗಮನಿಸಿ, ನಿಲ್ಲಿಸಿದರೆ ಹೊಸಬರಿಗೆ ಹೋಗೋದು ನಿಲ್ಲುತ್ತದೆ, ಆಗಲೇ ಪಡೆದವರ ಫೋನಿನಿಂದ ವಾಪಸ್ ಬರಲ್ಲ. ಅದಕ್ಕೇ ಹೊಸ ಸ್ಕ್ರೀನುಗಳನ್ನು ಸರ್ವರಿನಿಂದಲೇ ಆಫ್ ಮಾಡುವ ಹಾಗೆ ಕಟ್ಟುತ್ತೇವೆ. ಸೂಪರ್‌ವೈಸರ್‌ಗಳ ಐಫೋನ್ ಆಪ್‌ಗೆ ಆಪಲ್‌ನ ಫೇಸ್ಡ್ ರಿಲೀಸ್ ಇದೆ, ಏಳು ದಿನದಲ್ಲಿ ಶೇಕಡ 1ರಿಂದ 100ಕ್ಕೆ, ಅದು ಸಾಕು.

ಡನ್ ಅನ್ನುವ ಮಾತಿನ ಅರ್ಥವನ್ನೂ ಬದಲಾಯಿಸಿದೆವು. 2 ಜಿಬಿ ರ‍್ಯಾಮ್‌ನ ಹಳೆಯ ಫೋನ್, ಈ ವರ್ಷದ ಆಂಡ್ರಾಯ್ಡ್ ಇರುವ ಫೋನ್, ಎರಡರಲ್ಲೂ ನೆಟ್‌ವರ್ಕ್ ಆಫ್ ಮಾಡಿ ಚೀಟಿ ಬಂದರೆ ಮಾತ್ರ ಡನ್.

ಯಾರಿಗೆ ಬೇಡ? ಒಬ್ಬರೋ ಇಬ್ಬರೋ ಸೇರಿ ಆಪ್ ಮಾಡುತ್ತಿದ್ದರೆ ಸ್ಕ್ರಮ್ ಹೊರೆ. ಗೋಡೆಗೊಂದು ಕಾನ್‌ಬಾನ್ ಬೋರ್ಡ್ (ಮಾಡಬೇಕಾದ್ದು, ನಡೆಯುತ್ತಿರೋದು, ಮುಗಿದದ್ದು ಅಂತ ಕೆಲಸಗಳನ್ನು ಅಂಟಿಸುವ ಹಲಗೆ) ಹಾಕಿ, ಒಂದು ಸಲಕ್ಕೆ ಎರಡು ಕೆಲಸಕ್ಕಿಂತ ಜಾಸ್ತಿ ಹಿಡಿಯಬೇಡಿ. ನಾಲ್ಕೈದು ಜನರಾದ ಮೇಲೆ ಸ್ಕ್ರಮ್ ನೋಡಿ. ಏನೇ ಬಿಟ್ಟರೂ ರೆಟ್ರೋ, ಅಂದರೆ ಏನು ಸರಿ ಹೋಯಿತು, ಏನು ತಪ್ಪಿತು ಅಂತ ಸ್ಪ್ರಿಂಟ್ ಕೊನೆಗೆ ಟೀಮ್ ಕೂತು ಮಾತಾಡೋದನ್ನು ಬಿಡಬೇಡಿ. ಮಂಗಳವಾರದ ಲೆಕ್ಕ, ಎಂಟು ಜನರ ಲೆಕ್ಕ, ಎಲ್ಲ ಹುಟ್ಟಿದ್ದು ಆ ಅಕ್ಟೋಬರಿನ ರೆಟ್ರೋದಲ್ಲಿ. "ನಮ್ ಫೋನೆಲ್ಲ ಹಳೇವು ಅಲ್ವಾ" ಅಂತ ಮೊದಲು ಹೇಳಿದ್ದು ಟೀಮಿಗೆ ಸೇರಿ ಮೂರು ತಿಂಗಳಾಗಿದ್ದ ಹುಡುಗಿ.

ಆ ಎಂಟು ಜನರಲ್ಲಿ ಇಬ್ಬರು ಈಗ ಸ್ಪ್ರಿಂಟ್ ರಿವ್ಯೂಗೂ ವಿಡಿಯೋ ಕಾಲ್‌ನಲ್ಲಿ ಬರುತ್ತಾರೆ. ಮಧ್ಯಾಹ್ನ ಎರಡಕ್ಕೆ ಇಟ್ಟುಕೊಂಡಿದ್ದೇವೆ, ಅವರಿಗೆ ಬಿಡುವು ಸಿಗೋದು ಅದೊಂದು ಹೊತ್ತಲ್ಲೇ.